ಶೆಡ್ ಡೈರಿ – 6: ಗಾಳಿ ಒತ್ತುತ್ತೆ, ಕೈಗೆ ಗೊತ್ತಾಗಲ್ಲ

ಫೋಟೋದಲ್ಲಿ ಬಿರುಕು ಬಿಟ್ಟಿರೋದು ತಾತನ ಯೆಜ್ದಿಯ ಹಿಂದಿನ ಚಕ್ರದ ಹಬ್. ಬಿರುಕು ಬಿಡಿಸಿದ್ದು ನಾನೇ. ಇದನ್ನ ಬರೆಯೋಕೆ ಮೂರು ವಾರ ಧೈರ್ಯ ಬರ್ಲಿಲ್ಲ.

ಹೊಸಬರಿಗೆ ಹೇಳ್ಬೇಕಂದ್ರೆ, ಮೈಸೂರಲ್ಲಿ ಮಾವನ ಮನೆ ಹಿಂದೆ ಒಂದು ಶೆಡ್ ಇದೆ. ಮಾವ ಬ್ಯಾಂಕ್ ಕೆಲಸದವರು, ಹಳೇ ಗಾಡಿ ಬಿಚ್ಚೋದು ಭಾನುವಾರದ ಹುಚ್ಚು. ಅಲ್ಲೊಂದು ಪ್ರೆಸ್: ಕಬ್ಬಿಣದ ಚಾನೆಲ್ ವೆಲ್ಡ್ ಮಾಡಿದ ಚೌಕಟ್ಟು, ಮಧ್ಯ 20 ಟನ್ನಿನ ಬಾಟಲ್ ಜ್ಯಾಕ್, ವಾಪಸ್ ಎಳೆಯೋಕೆ ಎರಡು ಸ್ಪ್ರಿಂಗ್. ಬೇರಿಂಗ್ ತೆಗೆಯೋದು, ಕೂರಿಸೋದು, ಬುಷ್ ಒತ್ತೋದು ಎಲ್ಲಾ ಇದ್ರಲ್ಲೇ.

ಈ ವರ್ಷ ಮಾವ ಹಳೇ ಜ್ಯಾಕ್ ತೆಗೆದು ಏರ್ ಹೈಡ್ರಾಲಿಕ್ ಜ್ಯಾಕ್ ಹಾಕಿದ್ರು. ನೋಡೋಕೆ ಅದೇ ಥರ, ಪಕ್ಕದಲ್ಲಿ ಪುಟ್ಟ ಗಾಳಿ ಮೋಟಾರ್ ಅಷ್ಟೇ. ಕಂಪ್ರೆಸರ್ ಪೈಪ್ ಸಿಕ್ಕಿಸಿ ಲಿವರ್ ಅದುಮಿದ್ರೆ ಒಳಗೆ ಪಿಸ್ಟನ್ ಟಟಟಟ ಅಂತ ಓಡಿ ಎಣ್ಣೆ ಪಂಪ್ ಮಾಡುತ್ತೆ. ಒತ್ತೋದು ಎಣ್ಣೆನೇ. ನಾವು ಹ್ಯಾಂಡಲ್ ಹೊಡೆಯೋ ಕೆಲಸ ಮಾತ್ರ ಗಾಳಿದು.

ಲೆಕ್ಕ ಸುಲಭ. ಸಣ್ಣ ಪಿಸ್ಟನ್ 1 ಚದರ ಸೆಂ.ಮೀ., ದೊಡ್ಡದು 50 ಅಂದ್ಕೊಳ್ಳಿ. ಸಣ್ಣದರ ಮೇಲೆ 100 ಕೆಜಿ ಬಿದ್ರೆ ದೊಡ್ಡದು 5,000 ಕೆಜಿ ಒತ್ತುತ್ತೆ. ಪುಕ್ಕಟೆ ಅಲ್ಲ, ಸಣ್ಣದು 50 ಮಿ.ಮೀ. ಓಡಿದ್ರೆ ದೊಡ್ಡದು ಕದಲೋದು 1 ಮಿ.ಮೀ. ಇದು ಪಾಸ್ಕಲ್ ನಿಯಮ. ನಮ್ಮ ಬಿಕಾಂ ಗ್ಯಾಂಗಿಗೆ ಒಂದು ವಿಷಯ: ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ಅಪ್ಪನಿಗೋಸ್ಕರ 1642ರಲ್ಲಿ ಕೂಡೋ ಕಳೆಯೋ ಯಂತ್ರ ಮಾಡೋಕೆ ಹೊರಟವನೂ ಇದೇ ಪಾಸ್ಕಲ್! ಈ ನಿಯಮ ಇಟ್ಕೊಂಡು 1795ರಲ್ಲಿ ಪ್ರೆಸ್ಸಿಗೆ ಪೇಟೆಂಟ್ ತಗೊಂಡಿದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ.

ಇಷ್ಟೆಲ್ಲಾ ಗೊತ್ತಿದ್ದೂ ಎಡವಿದೆ. ಅವತ್ತು ಮಾವ ಊರಲ್ಲಿರ್ಲಿಲ್ಲ. ಬೇರಿಂಗ್ ಒಂಚೂರು ಓರೆಯಾಗಿ ಕೂತಿತ್ತು, ನಾನು ನೋಡ್ಲಿಲ್ಲ. ಕಿವಿಯಲ್ಲಿ ಇಯರ್‌ಫೋನ್, ಕೈ ಲಿವರ್ ಮೇಲೆ. ಲೋಡ್ ಜಾಸ್ತಿ ಆದಾಗ ಆ ಟಟಟಟ ನಿಧಾನ ಆಗುತ್ತೆ. ಅದೂ ಕೇಳಿಸ್ಲಿಲ್ಲ. ಟಪ್ ಅಂದಿದ್ದು ಮಾತ್ರ ಹಾಡು ದಾಟಿ ಕೇಳಿಸ್ತು.

ಮಾವ ಬೈಲಿಲ್ಲ. ಗಾಳಿ ಪೈಪ್ ಕಿತ್ತು ಹ್ಯಾಂಡಲ್ ಕೈಗೆ ಕೊಟ್ರು. ಒಡೆದ ಅದೇ ಹಬ್‌ನ ಇನ್ನೊಂದು ಬದಿಗೆ ಹಳೇ ಬೇರಿಂಗ್ ಬೇಕಂತಲೇ ಓರೆಯಾಗಿ ಇಟ್ಟು, "ಈಗ ಹೊಡಿ ಮಗಾ" ಅಂದ್ರು. ಮೂರನೇ ಹೊಡೆತಕ್ಕೇ ಹ್ಯಾಂಡಲ್ ಭಾರ ಆಯ್ತು. "ಅದು ಬೇಡ ಅಂತಿದೆ ಕಣೋ. ಗಾಳಿಗೆ ಆ ಮಾತು ಕೇಳ್ಸಲ್ಲ."

ಯೆಜ್ದಿ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ ನಮ್ಮ ಯಾದವಗಿರಿಲೇ ಇತ್ತು, 1996ರಲ್ಲಿ ಮುಚ್ಚಿಹೋಯ್ತು. ತಾತ ಆ ಗಾಡಿಯನ್ನ ಬರೀ ಗಾಡಿ ಅಂತ ನೋಡಲ್ಲ. ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಬೇರೆ ಹಬ್ ಸಿಕ್ಕ ದಿನ ಶೆಡ್ಡಿಗೆ ಬಂದು ಸ್ಟೂಲ್ ಹಾಕ್ಕೊಂಡು ಕೂತ್ರು. ಬೇರಿಂಗ್ ಪೂರ್ತಿ ಕೂರೋವರೆಗೂ ನಾನು ಹ್ಯಾಂಡಲ್ ಹೊಡೆಯೋದನ್ನೇ ನೋಡ್ತಿದ್ರು. ಆಮೇಲೆ "ಟೀ ಕುಡಿಯೋಣ ಬಾ" ಅಂದ್ರು.

ಈಗ ನನ್ನ ರೂಲ್ಸ್, ಸೇವ್ ಮಾಡ್ಕೊಳ್ಳಿ:
👉 ಪ್ರೆಸ್ ತುದಿ ಕೆಲಸದ ಹತ್ತಿರ ಬರೋವರೆಗೆ, ಇಲ್ಲಾ ಬೇರಿಂಗ್ ನೇರ ಹೋಗ್ತಿದೆ ಅಂತ ಗೊತ್ತಾದ್ಮೇಲೆ ಮಾತ್ರ ಗಾಳಿ. ಶುರು ಮತ್ತೆ ಕೊನೆ ಕೈಯಲ್ಲೇ.
👉 ಹಬ್ಬಿಗೆ ಕೂರಿಸುವಾಗ ಬೇರಿಂಗಿನ ಹೊರ ರಿಂಗ್ ಒತ್ತಿ, ಶಾಫ್ಟಿಗಾದ್ರೆ ಒಳ ರಿಂಗ್. ಉಲ್ಟಾ ಮಾಡಿದ್ರೆ ಭಾರ ಗುಂಡುಗಳ ಮೇಲೆ ಬಿದ್ದು ಬೇರಿಂಗ್ ಹಾಳು.
👉 ಕನ್ನಡಕ ಹಾಕಿ, ಎದುರಿಗೆ ನಿಲ್ಬೇಡಿ. ಒಡೆದ ಬೇರಿಂಗ್ ಚೂರು ಸಿಡಿಯುತ್ತೆ.
👉 ಕಂಪ್ರೆಸರ್ ಟ್ಯಾಂಕಿನ ನೀರು ತೆಗೀತಾ ಇರಿ, ಮಳೆಗಾಲದಲ್ಲಂತೂ ದಿನಾ.
👉 ಇಯರ್‌ಫೋನ್ ಮನೇಲಿಡಿ!

ನೀವು ಅವಸರದಲ್ಲಿ ಏನು ಮುರಿದಿದ್ದೀರಾ? ನಾನು ಒಪ್ಕೊಂಡಾಯ್ತು, ಈಗ ನಿಮ್ಮ ಸರದಿ 👇

#ಶೆಡ್‌ಡೈರಿ #ಯೆಜ್ದಿ #ಮೈಸೂರು #ಬಿಕಾಂಮೆಕ್ಯಾನಿಕ್