ಕಾಲ್ಚೆಂಡಿಗೆ ಎಷ್ಟು ಬುದ್ಧಿ ಬೇಕು?

ದೊಡ್ಡಬಳ್ಳಾಪುರದಲ್ಲಾಗಲಿ ದೇವನಹಳ್ಳಿಯಲ್ಲಾಗಲಿ, ಸಂಜೆ ಶಾಲೆಯ ಬಯಲಿನಲ್ಲಿ ಚೆಂಡಿನ ಹಿಂದೆ ಓಡುವ ಹುಡುಗರನ್ನು ಕಂಡಾಗ ಹಿರಿಯರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: “ತಲೆಗೆ ಹತ್ತದ್ದು ಕಾಲಿಗೆ ಇಳಿದಿದೆ.” ಮಗ ಗಣಿತದಲ್ಲಿ ಮೂವತ್ತೈದರ ಗಡಿಯಲ್ಲಿ ನಿಂತ ದಿನ ತಾಯಿ ನಿಟ್ಟುಸಿರಿಡುತ್ತಾಳೆ, ತಂದೆ ಚೆಂಡನ್ನು ಅಟ್ಟದ ಮೇಲಕ್ಕೆ ಎಸೆಯುತ್ತಾನೆ. ಅದೇ ಹುಡುಗ ತಾಲ್ಲೂಕು ಪಂದ್ಯದಲ್ಲಿ ಎರಡು ಗೋಲು ಹೊಡೆದು ಬಂದರೆ ಆ ತಂದೆಯೇ ಚಕ್ಕೋತ ಬಿಡಿಸಿಕೊಟ್ಟು, “ಹೋಗಲಿ, ಓದು ಬಾರದವನಿಗೆ ಆಟವಾದರೂ ಬರಲಿ” ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಕೋಪದ ಮಾತಿಗೂ ಸಮಾಧಾನದ ಮಾತಿಗೂ ಬೇರು ಒಂದೇ. ಬುದ್ಧಿಯೆಂಬುದು ಪುಸ್ತಕಕ್ಕೆ ಬೇಕಾದ ಸರಕು. ಚೆಂಡಿಗೆ ಕಾಲಿದ್ದರೆ ಸಾಕು!

ಅಮೆರಿಕದವರ ನಂಬಿಕೆ ಇದಕ್ಕೆ ನೇರ ವಿರುದ್ಧವಾಗಿತ್ತು. ಅವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ದುಂಡಗಿಲ್ಲ, ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ನೂರಾರು ವ್ಯೂಹಗಳನ್ನು ನೆನಪಿನಲ್ಲಿಟ್ಟುಕೊಂಡು, ಎದುರಾಳಿಗಳು ಮೈಮೇಲೆ ಬೀಳುವ ಮೊದಲೇ ಚೆಂಡನ್ನು ಯಾರಿಗೆ ಎಸೆಯಬೇಕೆಂದು ನಿಶ್ಚಯಿಸಬೇಕು. ಇಂಥವನಿಗೆ ಚುರುಕು ಬುದ್ಧಿ ಇರಲೇಬೇಕಲ್ಲವೆ ಎಂದು ತಂಡಗಳ ಒಡೆಯರು ತರ್ಕಿಸಿದರು. 1930ರ ದಶಕದಲ್ಲಿ ವಂಡರ್ಲಿಕ್ ಎಂಬಾತ ಕಚೇರಿ ಕಾರ್ಖಾನೆಗಳಿಗೆ ನೌಕರರನ್ನು ಆರಿಸಲೆಂದು ಸಿದ್ಧಪಡಿಸಿದ್ದ ಒಂದು ಪ್ರಶ್ನೆಪತ್ರಿಕೆ ಅವರ ಕೈಗೆ ಸಿಕ್ಕಿತು. 12 ನಿಮಿಷಗಳಲ್ಲಿ 50 ಪ್ರಶ್ನೆಗಳು: ಪದಗಳ ಅರ್ಥ, ಸಂಖ್ಯೆಗಳ ಸರಣಿ, ಸಣ್ಣಪುಟ್ಟ ಬಾಯಿಲೆಕ್ಕ. ವೃತ್ತಿ ತಂಡಗಳಿಗೆ ಸೇರಬಯಸಿ ಬಂದ ತರುಣರು ಓಟ, ನೆಗೆತಗಳ ಜೊತೆಗೆ ಈ ಕಾಗದಕ್ಕೂ ಉತ್ತರ ಬರೆಯಬೇಕಾಯಿತು. ಗುಟ್ಟಾಗಿರಬೇಕಾದ ಅಂಕಗಳು ಪತ್ರಿಕೆಗಳಿಗೆ ಸೋರುತ್ತಿದ್ದವು. ಕಡಿಮೆ ಅಂಕ ಬಂದವನನ್ನು ನೋಡಿ ನಾಡೆಲ್ಲ ನಗುತ್ತಿತ್ತು.

ಹೀಗೆ ನಗೆಗೀಡಾಗಬೇಕಾದವರಲ್ಲಿ ಡ್ಯಾನ್ ಮರೀನೊ ಒಬ್ಬ. 1983ರಲ್ಲಿ ವೃತ್ತಿಗೆ ಬಂದ ಆತನ ಅಂಕ 15ರ ಆಸುಪಾಸಿನಲ್ಲಿತ್ತೆಂದು ವರದಿ. ಮರುವರ್ಷವೇ ಆತ 48 ಎಸೆತಗಳನ್ನು ಗೆರೆಯಾಚೆ ಗುರಿಮುಟ್ಟಿಸಿದ. ಅಲ್ಲಿಯವರೆಗಿನ ದಾಖಲೆ 36. ಇನ್ನೊಂದು ತುದಿಯಲ್ಲಿ ಪ್ಯಾಟ್ ಮ್ಯಾಕಿನಲಿ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಈ ವಿದ್ಯಾರ್ಥಿ 1975ರಲ್ಲಿ 50ಕ್ಕೆ 50 ಪಡೆದ. ಒಳ್ಳೆಯ ಆಟಗಾರನೇ ಆದ. ಆದರೆ ಆ ಪೂರ್ಣಾಂಕವೇ ತನ್ನ ಆಯ್ಕೆಗೆ ಅಡ್ಡ ಬಂದಿತೆಂದು ಹೇಳಿಕೊಂಡ. ಅತಿಬುದ್ಧಿವಂತ ತರಬೇತುದಾರನ ಮಾತಿಗೆ ಎದುರಾಡಿಯಾನೆಂಬ ಭಯ! ಕಡಿಮೆ ಬಂದರೆ ದಡ್ಡ, ಹೆಚ್ಚು ಬಂದರೆ ಅಧಿಕಪ್ರಸಂಗಿ.

ಇಬ್ಬರ ಕಥೆಯಿಂದ ಶಾಸ್ತ್ರ ಆಗುವುದಿಲ್ಲ. 2009ರಲ್ಲಿ ಮೂವರು ಸಂಶೋಧಕರು ಮೂರು ವರ್ಷಗಳ ಆಯ್ಕೆಯಲ್ಲಿ ಬಂದ 762 ಆಟಗಾರರ ಅಂಕಗಳನ್ನು ಅವರ ಮುಂದಿನ ಆಟದ ಪಕ್ಕದಲ್ಲಿಟ್ಟು ನೋಡಿದರು. ಹೆಚ್ಚುಕಡಿಮೆ ಯಾವ ಸ್ಥಾನದಲ್ಲಿಯೂ ಅಂಕಕ್ಕೂ ಆಟಕ್ಕೂ ಸಂಬಂಧ ಕಾಣಲಿಲ್ಲ. ಎರಡು ಸ್ಥಾನಗಳಲ್ಲಂತೂ ಕಡಿಮೆ ಅಂಕದವರೇ ಮೇಲಾಗಿದ್ದರು. 2022ರಲ್ಲಿ ಆಯ್ಕೆ ಶಿಬಿರದಿಂದ ಆ ಪ್ರಶ್ನೆಪತ್ರಿಕೆಯನ್ನೇ ಕೈಬಿಡಲಾಯಿತು.

ಎಲ್ಲ ಬೌದ್ಧಿಕ ಕಾರ್ಯಗಳ ಹಿಂದೆಯೂ ಒಂದೇ ಸಾಮಾನ್ಯ ಶಕ್ತಿ ಇದೆಯೆಂಬುದು ಲಂಡನ್ನಿನ ಸ್ಪಿಯರ್‌ಮನ್ 1904ರಲ್ಲಿ ಮಂಡಿಸಿದ ವಾದ. ಕನ್ನಡನಾಡಿಗೆ ಅದು ಹೊಸದೇನಲ್ಲ. ಆತನ ಬಳಿ ವ್ಯಾಸಂಗ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದವರು. (ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಪ್ರಸಾರ ನಡೆಸಿದವರೂ ಇವರೇ.) ಇನ್ನು ವಿ. ವಿ. ಕಾಮತ್ ಅವರು ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಬಿನೆ 1905ರಲ್ಲಿ ಅದನ್ನು ರಚಿಸಿದ್ದು ಒಂದೇ ಉದ್ದೇಶಕ್ಕೆ: ತರಗತಿಯಲ್ಲಿ ಹಿಂದುಳಿದ ಮಗುವನ್ನು ಗುರುತಿಸಿ ಅದಕ್ಕೆ ಹೆಚ್ಚಿನ ನೆರವು ಕೊಡುವುದು. ಮಗುವಿನ ಬುದ್ಧಿ ಇಷ್ಟೇ, ಇದಕ್ಕಿಂತ ಬೆಳೆಯದು ಎಂದು ಷರಾ ಬರೆಯುವವರನ್ನು ಆತ ಕಟುವಾಗಿ ಟೀಕಿಸಿದ್ದ. ನೆರವಿಗೆಂದು ಹುಟ್ಟಿದ ಸಂಖ್ಯೆ ಎಷ್ಟೋ ಕಡೆ ಹಣೆಬರಹವಾಗಿ ಕುಳಿತದ್ದು ಆತನ ತಪ್ಪಲ್ಲ.

ಹಾಗಾದರೆ ಆಟಕ್ಕೆ ಬುದ್ಧಿ ಬೇಡವೆ? ಹಾಗೆ ತೀರ್ಮಾನಿಸುವುದೂ ಅವಸರವೇ. ಸಂತೆಯಲ್ಲಿ ದೊಡ್ಡ ಚಕ್ಕೋತಗಳನ್ನಷ್ಟೇ ಆರಿಸಿ ಚೀಲಕ್ಕೆ ಹಾಕಿಕೊಂಡು ಬಂದು, ಮನೆಯಲ್ಲಿ ಅವನ್ನು ಒಂದೊಂದಾಗಿ ಬಿಡಿಸಿ, ಗಾತ್ರಕ್ಕೂ ಸಿಹಿಗೂ ಸಂಬಂಧವಿಲ್ಲವೆಂದು ಸಾರಿದಂತಾದೀತು. ವೃತ್ತಿ ತಂಡದ ಬಾಗಿಲಿಗೆ ಬರುವವರು ಅದಾಗಲೇ ಹತ್ತು ಜರಡಿಗಳಲ್ಲಿ ಇಳಿದು ಬಂದವರು. ಅವರವರಲ್ಲಿಯೇ ಹೋಲಿಸಿದಾಗ ಅಂಕ ಏನನ್ನೂ ಹೇಳುತ್ತಿಲ್ಲ, ಅಷ್ಟೆ.

ನಮ್ಮ ದುಂಡು ಚೆಂಡಿನ ಆಟದಲ್ಲಿ ಸ್ವೀಡನ್ನಿನ ಸಂಶೋಧಕರು 2012ರಲ್ಲಿ ಬೇರೊಂದು ದಾರಿ ಹಿಡಿದರು. ಪದಗಳ ಅರ್ಥ ಕೇಳುವ ಬದಲು, ಚುಕ್ಕೆಗಳನ್ನು ಗೆರೆಗಳಿಂದ ಕೂಡಿಸಿ, ಒಮ್ಮೆ ಬರೆದ ಆಕೃತಿಯನ್ನು ಮತ್ತೆ ಬರೆಯದೆ, ಗೊತ್ತಾದ ಸಮಯದಲ್ಲಿ ಎಷ್ಟು ಹೊಸ ಆಕೃತಿ ರಚಿಸಬಲ್ಲಿರಿ ಎಂದು ಕೇಳಿದರು. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ರಂಗೋಲಿಯಲ್ಲಿ ಮಾಡುವ ಕೆಲಸಕ್ಕೆ ಇದು ತೀರ ದೂರವಲ್ಲ! ಮೇಲಿನ ದರ್ಜೆಯ ಆಟಗಾರರು ಕೆಳದರ್ಜೆಯವರಿಗಿಂತ ಇದರಲ್ಲಿ ಮುಂದಿದ್ದರು; ಚೆನ್ನಾಗಿ ಮಾಡಿದವರು ಮುಂದಿನ ಋತುಗಳಲ್ಲಿ ಹೆಚ್ಚು ಗೋಲು ಹೊಡೆದರು, ಹೊಡೆಸಿದರು. ಆದರೆ 2020ರಲ್ಲಿ ಜರ್ಮನಿಯ ಒಂದು ಕ್ಲಬ್ಬಿನ ಎಳೆಯ ಆಟಗಾರರಲ್ಲಿ ಇಂಥ ಶಕ್ತಿಗಳನ್ನು ಅಳೆದವರಿಗೆ ಕಂಡದ್ದು ಬಹುಮಟ್ಟಿಗೆ ವಯಸ್ಸಿನೊಡನೆ ತಾನಾಗಿ ಬರುವ ಬೆಳವಣಿಗೆ. ಅಂದಮೇಲೆ ಹನ್ನೆರಡರ ಹುಡುಗನ ಅಂಕ ನೋಡಿ ಇಪ್ಪತ್ತರ ಆಟಗಾರನನ್ನು ಊಹಿಸುವುದು ಗಿಣಿಶಾಸ್ತ್ರದ ಪಕ್ಕದ ಮನೆಯ ವಿದ್ಯೆ.

ಬೆಂಗಳೂರಿನ ಹಳಬರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. 1926ರಲ್ಲಿ ಇಲ್ಲಿ ಹುಟ್ಟಿದ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರಾಗಿ ಮೆರೆದರು. ಬರಿಗಾಲಿಗೆ ಅಂಟಿದಂತಿದ್ದ ಚೆಂಡಿನಿಂದ ಎದುರಾಳಿಗಳನ್ನು ಮರುಳುಮಾಡುತ್ತಿದ್ದ ಅವರನ್ನು ಜನ ಹಾವಾಡಿಗನೆಂದು ಕರೆದರು. ಆ ಬಿರುದು ಬಂದದ್ದು ಪ್ರಶ್ನೆಪತ್ರಿಕೆಯಿಂದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ಬರಿಗಾಲಿನ ಭಾರತ ತಂಡ ಫ್ರಾನ್ಸಿಗೆ 2-1ರಲ್ಲಿ ಸೋತಿತು. ಅಂದು ಭಾರತದ ಒಂದೇ ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಕೈತಪ್ಪದಿದ್ದರೆ ಕಥೆ ಬೇರೆಯಾಗುತ್ತಿತ್ತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ ಇರುವಾಗ ಎದೆ ನಡುಗದಂತೆ ನಿಲ್ಲುವ ಶಕ್ತಿಗೆ ಯಾವ 12 ನಿಮಿಷದ ಪರೀಕ್ಷೆಯಲ್ಲಿ ಅಂಕವಿದೆ?

ಆಟದ ಬುದ್ಧಿಯನ್ನು ಕಾಣಬಯಸುವವರು ಅದನ್ನು ಮೈದಾನದಲ್ಲಿಯೇ ಹುಡುಕಬೇಕು. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲೆಂಡಿನ ದೊಡ್ಡ ಆಟಗಾರರನ್ನು ಗಮನಿಸುತ್ತ ಒಂದು ಸಣ್ಣ ವಿಷಯವನ್ನು ಎಣಿಸಿದರು: ಚೆಂಡು ತನ್ನ ಬಳಿ ಬರುವ ಮೊದಲಿನ ಕೆಲವು ಕ್ಷಣಗಳಲ್ಲಿ ಆಟಗಾರ ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತಾನೆ? ಹೆಚ್ಚು ಸಲ ನೋಡಿದವರ ಪಾಸುಗಳು ಹೆಚ್ಚಾಗಿ ಸರಿಯಾದ ಕಾಲಿಗೆ ತಲಪುತ್ತಿದ್ದವು. ಇದನ್ನು ಎಣಿಸಲು ಪ್ರಯೋಗಾಲಯ ಬೇಡ. ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಬಯಲಿನ ಅಂಚಿನ ಕಲ್ಲಿನ ಮೇಲೆ ಕುಳಿತು ಮಗನಿಗಾಗಿ ಕಾಯುವ ತಂದೆಗೂ, ಕೈಯಲ್ಲಿರುವ ಅಂಕಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರೆ, ಅರ್ಧ ಗಂಟೆಯಲ್ಲಿ ಆ ಎಣಿಕೆ ಸಿಕ್ಕುತ್ತದೆ.