ಡೈನಮೋ ಹೋಗಿ ಆಲ್ಟರ್ನೇಟರ್ ಬಂತು!

ಅಪ್ಪನ ಹತ್ತಿರ ಮದ್ರಾಸಿನಲ್ಲಿ ತಯಾರಾದ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಸ್ಪೋರ್ಟ್ಸ್ ಕಾರಲ್ಲ ಬಿಡಿ. ಆದ್ರೆ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಬ್ರಿಟನ್ನಿನ ಸ್ಪೋರ್ಟ್ಸ್ ಕಾರನ್ನ ಕಟ್ಟಿದ್ದು ಇದೇ ಹೆರಾಲ್ಡ್‌ನ ಚಾಸಿ ಗಿಡ್ಡ ಮಾಡಿ. ದಾಯಾದಿ ಅನ್ನಬಹುದು :-)

ಇದರ ಲ್ಯೂಕಾಸ್ ಡೈನಮೋ ಕೊಡೋದು ಹೆಚ್ಚೆಂದ್ರೆ 22 ಆಂಪಿಯರ್, ಅದೂ ಎಂಜಿನ್ ಜೋರಾಗಿ ತಿರುಗಿದಾಗ. ನಿಧಾನ ಹೋದ್ರೆ ಹೆಡ್‌ಲೈಟು ಬ್ಯಾಟರಿಯನ್ನೇ ತಿನ್ನುತ್ತೆ. ನಮ್ಮ ಗುಡೇಕೋಟೆ ಸುತ್ತ ರಾತ್ರಿ ನಿಧಾನವಾಗಿಯೇ ಹೋಗಬೇಕು. 2013ರಲ್ಲಿ ಕರಡಿಧಾಮ ಆದ ಈ ಬಂಡೆಗುಡ್ಡಗಳಿಂದ ಕರಡಿ ಇಳಿಯೋದೇ ಕತ್ತಲಾದ ಮೇಲೆ. ಕಪ್ಪು ಪ್ರಾಣಿ, ಮಂಕು ಬೆಳಕು... ಅಪ್ಪ ಸಂಜೆ ಕಾರು ತೆಗೆಯೋದನ್ನೇ ಬಿಟ್ಟಿದ್ರು.

ಆಲ್ಟರ್ನೇಟರ್ ಹಾಕಿಸೋಣ ಅಂದ್ರೆ, "ಬ್ಯಾಡಪಾ, ಒರಿಜಿನಲ್ ಕೆಡ್ತೈತಿ" ಅಂದ್ರು. ಬಾಡಿಗೆ ಒಂದು ತೂತೂ ಹೊಡೆಸಲ್ಲ, ಡೈನಮೋ ಗುಜರಿಗೆ ಹಾಕಲ್ಲ ಅಂತ ಮಾತು ಕೊಟ್ಟ ಮೇಲೆ ಒಪ್ಪಿದ್ರು.

ಬರೀ ಬೋಲ್ಟ್ ಬಿಚ್ಚಿ ಕಟ್ಟೋ ಕೆಲಸ ಅಲ್ಲ ಇದು. ನಮ್ಮದು ಪಾಸಿಟಿವ್ ಅರ್ಥ್ ಗಾಡಿ. ಹಾಗೇ ಜೋಡಿಸಿದ್ರೆ ಆಲ್ಟರ್ನೇಟರ್‌ನ ಡಯೋಡ್ ಸುಟ್ಟೇ ಹೋಗುತ್ತೆ. ಅದಕ್ಕೇ ಮೊದಲು ನೆಗೆಟಿವ್ ಅರ್ಥ್ ಮಾಡಿ, ಕಾಯಿಲ್ ವೈರ್ ಅದಲುಬದಲು ಮಾಡಿ, ಹಳೇ ಕಟೌಟ್ ಬಿಡಿಸಿ, ಬ್ಯಾಟರಿಗೆ ದಪ್ಪ ವೈರ್ ಎಳೆಸಿದ್ವಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಾತ್ರ ಇರಲೇಬೇಕು. ಅದರ ಮೂಲಕ ಬರೋ ಚೂರು ಕರೆಂಟಿನಿಂದಲೇ ಆಲ್ಟರ್ನೇಟರ್ ಚಾರ್ಜ್ ಶುರು ಮಾಡೋದು.

ಡೈನಮೋ ಈಗ ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ. ಅಪ್ಪ ಮೊನ್ನೆ ರಾತ್ರಿ ಒಂಬತ್ತಕ್ಕೆ ಕೂಡ್ಲಿಗಿಯಿಂದ ತಾವೇ ಓಡಿಸಿಕೊಂಡು ಬಂದ್ರು!

ಓಡದ ಕಾರು ಎಷ್ಟು ಒರಿಜಿನಲ್ ಆಗಿದ್ದರೇನು? ನೀವೇನಂತೀರಿ?