ಪ್ಲಗ್ ತೆಗೆದ ಮೇಲೆ

ಲ್ಯಾಬಿಗೆ ಹೊಸ ಬ್ಯಾಚಿನ ಹುಡುಗರು ಬಂದ ಮೊದಲ ದಿನ ನಾನು ಮೇಜಿನ ಡ್ರಾಯರಿನಿಂದ 40 ವ್ಯಾಟಿನ ಒಂದು ಹಳೇ ಬಲ್ಬನ್ನು ಹೊರತೆಗೆಯುತ್ತೇನೆ. ಹೋಲ್ಡರಿಗೆ ಎರಡು ವೈರು, ವೈರಿನ ತುದಿಗೆ ಎರಡು ಚೂಪು ಕಡ್ಡಿ, ಅಷ್ಟೇ ಅದರ ಸಂಪತ್ತು. ಲಕ್ಷಗಟ್ಟಲೆ ಬೆಲೆಯ ಉಪಕರಣಗಳ ನಡುವೆ ಇದೇನು ಎಂದು ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ನಾನೊಂದು ಕತೆ ಹೇಳುತ್ತೇನೆ. ಎಷ್ಟೋ ವರ್ಷದಿಂದ ಹೇಳುತ್ತಿರುವ ಕತೆ. ಅದರಲ್ಲಿ ಒಂದು ಸಂಗತಿಯನ್ನು ಮಾತ್ರ ಪ್ರತಿಸಲವೂ ಬಿಟ್ಟೇ ಹೇಳಿದ್ದೇನೆ.

ನಾನು ಇಂಜಿನಿಯರಿಂಗ್ ಎರಡನೇ ವರ್ಷ ಮುಗಿಸಿ ರಜೆಗೆ ಊರಿಗೆ ಬಂದಿದ್ದೆ. ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪನ ಪರಿಚಯದವರದೊಂದು ಟಿವಿ ರಿಪೇರಿ ಅಂಗಡಿ. ಮನೇಲಿ ಸುಮ್ಮನೆ ಕೂರುವ ಬದಲು ಅಲ್ಲಿಗೆ ಹೋಗಿ ಕೂತರೆ ನಾಲ್ಕಕ್ಷರ ಕಲಿತಾನು ಎಂದು ಅಪ್ಪನ ಲೆಕ್ಕ. ನಾಲ್ಕಕ್ಷರ ಕಲಿಸಿ ಬರೋಣ ಎಂದು ನನ್ನ ಲೆಕ್ಕ. ಅಂಗಡಿಯ ಯಜಮಾನರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಅವರ ಕೈಕೆಳಗೆ ಒಬ್ಬ ಹುಡುಗ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಿದ್ದು ಅಲ್ಲಿ ಸೇರಿಕೊಂಡವನು. ನಾನು ಕೆಪಾಸಿಟರ್ ಎಂದರೆ ಅವನು ಕಂಡೆನ್ಸರ್ ಎನ್ನುತ್ತಿದ್ದ. ಅದು ಹಳೇ ಹೆಸರು, ತಪ್ಪು ಎಂದು ನಾನು ತಿದ್ದುತ್ತಿದ್ದೆ. 1782ರಲ್ಲಿ ಆ ಹೆಸರಿಟ್ಟವನು ಸಾಕ್ಷಾತ್ ವೋಲ್ಟಾ ಎಂದು ನನಗೆ ಗೊತ್ತಾದದ್ದು ತುಂಬಾ ತಡವಾಗಿ.

ಅಣ್ಣ ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ. ಮೇಜಿನ ಮೇಲೆ 20 ಇಂಚಿನ ಕಲರ್ ಟಿವಿ, ಪೂರ್ತಿ ಡೆಡ್. ಮೂರು ದಿನದಿಂದ ಜೀವವೇ ಇಲ್ಲ ಎಂದು ಗಿರಾಕಿ ಹೇಳಿಹೋಗಿದ್ದ. ಹುಡುಗ ಒಂದು ಸಲ ಪ್ಲಗ್ ಹಾಕಿ ಸ್ವಿಚ್ ಒತ್ತಿ ನೋಡಿದ. ಏನೂ ಆಗಲಿಲ್ಲ. ಪ್ಲಗ್ ತೆಗೆದು ಹಿಂಬದಿ ಬಿಚ್ಚಿದ. ಬೋರ್ಡನ್ನು ಹೊರಗೆಳೆಯಲು ಹೋದವನು ತಡೆದು, 'ಅಣ್ಣ ಬರ್ಲಿ' ಎಂದ.

ನನಗೆ ನನ್ನ ವಿದ್ಯೆ ತೋರಿಸುವ ಸಮಯ ಬಂತು. ಪಿಕ್ಚರ್ ಟ್ಯೂಬಿನ ನೆತ್ತಿಯ ಮೇಲೆ ರಬ್ಬರ್ ಟೊಪ್ಪಿಗೆಯಂಥದೊಂದು ಇರುತ್ತದಲ್ಲ, ಅದರ ಕೆಳಗೆ 25,000 ವೋಲ್ಟ್‌ವರೆಗೂ ಇರುತ್ತದೆ. ಟ್ಯೂಬಿನ ಗಾಜೇ ಒಂದು ಕೆಪಾಸಿಟರು: ಒಳಗೊಂದು ಲೇಪ, ಹೊರಗೊಂದು ಲೇಪ, ನಡುವೆ ಗಾಜು. 1746ರ ಹೊತ್ತಿಗೆ ಲೈಡನ್ನಿನಲ್ಲಿ ಮುಷೆನ್‌ಬ್ರೂಕ್ ನೀರು ತುಂಬಿದ ಗಾಜಿನ ಪಾತ್ರೆಯಿಂದ ಹೊಡೆಸಿಕೊಂಡು ಕಂಗಾಲಾದನಲ್ಲ, ಅದೇ ಜಾತಿಯದು. ಇದನ್ನೆಲ್ಲ ಹುಡುಗನಿಗೆ ವಿವರಿಸುತ್ತಾ, ಸ್ಕ್ರೂಡ್ರೈವರಿಗೆ ಒಂದು ವೈರು ಸುತ್ತಿ, ಇನ್ನೊಂದು ತುದಿಯನ್ನು ಟ್ಯೂಬಿನ ಅರ್ಥ್ ತಂತಿಗೆ ಕಟ್ಟಿ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಟೊಪ್ಪಿಗೆಯ ಅಡಿಗೆ ತೂರಿಸಿದೆ. ಟಪ್ ಎಂದು ಸದ್ದಾಗಬೇಕಿತ್ತು. ಆಗಲಿಲ್ಲ.

'ನೋಡು, ಚಾರ್ಜೇ ಇಲ್ಲ. ಪ್ಲಗ್ಗೂ ತೆಗೆದಿದೆ. ಏನೂ ಆಗಲ್ಲ, ಮುಟ್ಟು' ಎಂದೆ.

ಅವನು ಮುಟ್ಟಿದ. ಬೋರ್ಡಿನ ಕೆಳಗೆ ಬೆರಳಿಟ್ಟು ಎತ್ತುತ್ತಿದ್ದಂತೆ ಅವನ ಬಾಯಿಂದ ಒಂದು ವಿಚಿತ್ರ ಸ್ವರ ಹೊರಟಿತು. ಕೈ ಹಿಂದಕ್ಕೆ ಚಿಮ್ಮಿತು, ಮೊಣಕೈ ಟ್ಯೂಬಿನ ಸಪೂರ ಕತ್ತಿಗೆ ಬಡಿಯಿತು. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು. ಟ್ಯೂಬಿನ ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ಪಟ್ಟಿ ಇರುತ್ತದೆ. ಅಳಿದುಳಿದ ಗಾಳಿಯನ್ನು ಹೀರಲೆಂದು ಬಳಿದ ಬೇರಿಯಂ ಅದು. ನನ್ನ ಕಣ್ಣೆದುರೇ ಅದು ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿತು. ಹಾಗಾಯಿತೆಂದರೆ ಟ್ಯೂಬ್ ಸತ್ತಂತೆ. ಟಿವಿಯಲ್ಲಿ ಅದಕ್ಕಿಂತ ದುಬಾರಿ ಭಾಗ ಬೇರೆ ಇಲ್ಲ.

ಹುಡುಗ ನೆಲದ ಮೇಲೆ ಕೂತಿದ್ದ. ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಎರಡು ಸಣ್ಣ ಬಿಳಿ ಚುಕ್ಕೆ. ಒಂದೇ ಕೈಯ ಎರಡು ಬೆರಳಿನ ನಡುವೆ ಹರಿದದ್ದರಿಂದ ಬದುಕಿಕೊಂಡ. ಈ ಕೈಯಿಂದ ಆ ಕೈಗೆ ಎದೆಯ ಮೂಲಕ ಹೋಗಿದ್ದರೆ ಎಂಬ ಯೋಚನೆ ಆಗ ಬರಲಿಲ್ಲ, ಈಗಲೂ ಕೆಲವು ರಾತ್ರಿ ಬರುತ್ತದೆ.

ಅಣ್ಣ ಬಂದರು. ಮೊದಲು ಹುಡುಗನ ಬೆರಳು ನೋಡಿದರು, ಆಮೇಲೆ ಟ್ಯೂಬು. 'ಕಂಡೆನ್ಸರ್ ಖಾಲಿ ಮಾಡ್ದೆ ಮುಟ್ಟು ಅಂತ ಯಾರಪ್ಪ ಹೇಳಿದ್ದು?' ಎಂದರು. ಹುಡುಗ ನನ್ನ ಕಡೆ ನೋಡಲೂ ಇಲ್ಲ. 'ನಾನೇ ಅಣ್ಣ, ಗೊತ್ತಾಗ್ಲಿಲ್ಲ' ಎಂದ. ನಾನು ಕೈಯಲ್ಲಿ ಮಲ್ಟಿಮೀಟರ್ ಹಿಡಿದು ನಿಂತಿದ್ದೆ. ಅದರ ಮುಳ್ಳನ್ನೇ ನೋಡುತ್ತಿದ್ದೆ.

ಆ ರಾತ್ರಿ ಮನೆಯಲ್ಲಿ ಕಾಗದ ಹಿಡಿದು ಕೂತೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ ಲೆಕ್ಕ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 325 ವೋಲ್ಟ್. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಸೆಕೆಂಡಿಗೆ 100 ಉಬ್ಬುಗಳಾಗಿ ಕೊಡುತ್ತವೆ. ಉಬ್ಬು ಬಂದಾಗ ತುಂಬಿಕೊಂಡು, ತಗ್ಗು ಬಂದಾಗ ಬಿಟ್ಟುಕೊಡುವ ಬಚ್ಚಲ ಹಂಡೆ ಆ ದೊಡ್ಡ ಕೆಪಾಸಿಟರು. ಆ ಟಿವಿಯಲ್ಲಿದ್ದದ್ದು 220 ಮೈಕ್ರೋಫ್ಯಾರಡ್. ಅರ್ಧ ಸಿ ವಿ ವರ್ಗ ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿರಲಿಲ್ಲ! ಲೆಕ್ಕ ಹಾಕಿದರೆ ಹನ್ನೊಂದೂವರೆ ಜೂಲ್. ಒಂದು ಕಿಲೋ ಸಕ್ಕರೆಯನ್ನು ನೆಲದಿಂದ ನಾಲ್ಕು ಅಡಿಗೆ ಕೊಂಚ ಕಡಿಮೆ ಎತ್ತರಕ್ಕೆ ಎತ್ತಿದಷ್ಟು. ಅಷ್ಟೇನಾ ಎನಿಸಬಹುದು. ಆದರೆ ಮನುಷ್ಯನ ಮೈಯನ್ನು ಸುಮಾರು ಸಾವಿರ ಓಮ್ ಎಂದು ಹಿಡಿದರೆ ಅದರ ಹೆಚ್ಚಿನ ಪಾಲು ಕಾಲು ಸೆಕೆಂಡಿನೊಳಗೆ ನಮ್ಮ ಮೂಲಕ ಹರಿದು ಮುಗಿಯುತ್ತದೆ.

ಲೆಕ್ಕ ಸರಿಯಿತ್ತು. ಒಂದು ಪ್ರಶ್ನೆ ಮಾತ್ರ ಉಳಿಯಿತು. ಟಿವಿಯ ಪ್ಲಗ್ ತೆಗೆದು ಹತ್ತು ನಿಮಿಷವಾದರೂ ಆಗಿತ್ತು. ಅಲ್ಲಿಯವರೆಗೆ ಅದು ಯಾಕೆ ಖಾಲಿಯಾಗಿರಲಿಲ್ಲ?

ಮರುದಿನ ಅದನ್ನು ಅಣ್ಣನಿಗೇ ಕೇಳಿದೆ. ಅವರು ನಗಲಿಲ್ಲ. 'ಚೆನ್ನಾಗಿರೋ ಟಿವಿ ಯಾವತ್ತೂ ಹೊಡಿಯಲ್ಲ ಕಣಪ್ಪ. ಸ್ವಿಚ್ ಆರಿಸಿದ ಮೇಲೂ ಒಂದು ಕ್ಷಣ ಓಡುತ್ತೆ, ಒಳಗಿರೋದನ್ನೆಲ್ಲ ಕುಡಿದು ಮಲಗುತ್ತೆ. ಕೆಟ್ಟಿರೋದು ಕುಡಿಯಲ್ಲ. ಹಾಗೇ ಇಟ್ಕೊಂಡು ಕೂತಿರುತ್ತೆ' ಎಂದರು. ಆ ಟಿವಿಯಲ್ಲಿ ಕೆಟ್ಟಿದ್ದದ್ದು ಒಂದು ಸ್ಟಾರ್ಟಿಂಗ್ ರೆಸಿಸ್ಟರು. ಅದು ಓಪನ್ ಆದ್ದರಿಂದ ಪವರ್ ಸಪ್ಲೈ ಶುರುವೇ ಆಗಿರಲಿಲ್ಲ. ತುಂಬಿಕೊಂಡ ಹಂಡೆಗೆ ಹೊರಹೋಗುವ ದಾರಿ ಇರಲಿಲ್ಲ. ಟ್ಯೂಬಿನ ನೆತ್ತಿಯಲ್ಲಿ ಟಪ್ ಎನ್ನದೇ ಇದ್ದದ್ದಕ್ಕೂ ಕಾರಣ ಅದೇ. ನಾನು ಯಾವ ಮೌನವನ್ನು ಕ್ಷೇಮ ಎಂದು ತಿಳಿದೆನೋ, ಅಪಾಯ ಬೇರೆ ಕಡೆ ಇದೆ ಎಂದು ಹೇಳುತ್ತಿದ್ದದ್ದೂ ಅದೇ ಮೌನ.

ಆಮೇಲೆ ಅಣ್ಣ ಬಲ್ಬು ತಂದು ತೋರಿಸಿದರು. ಎರಡು ಕಡ್ಡಿಯನ್ನು ಕಂಡೆನ್ಸರಿನ ಎರಡು ಕಾಲಿಗೆ ಮುಟ್ಟಿಸಿದರು. ಬಲ್ಬು ಒಂದು ಸಲ ಫಳ್ ಎಂದು ಹೊಳೆದು ಆರಿತು. ಪಿಯುಸಿಯಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಚಾರ್ಜ್‌ಗೆ ಆವೇಶ ಎನ್ನುತ್ತಿದ್ದರು. ದೇವರು ಬಂದವರನ್ನು ನೆನೆಸಿಕೊಂಡು ನಾವು ನಗುತ್ತಿದ್ದೆವು. ಬಲ್ಬು ಆರಿದಾಗ ಆ ಪದ ಮೊದಲ ಸಲ ಅರ್ಥವಾಯಿತು. ಮೈಮೇಲೆ ಬಂದದ್ದನ್ನು ಇಳಿಸಲೇಬೇಕು, ತಾನಾಗಿ ಇಳಿಯುತ್ತದೆ ಎಂದು ಕಾಯುವ ಹಾಗಿಲ್ಲ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರೂ ಇದ್ದಾರೆ. ಢಂ ಎನ್ನುತ್ತದೆ, ತುದಿ ಕರಗುತ್ತದೆ. ಬಲ್ಬೇ ವಾಸಿ. ಆರಿದ ಮೇಲೂ ಮೀಟರ್ ಹಿಡಿದು ನೋಡದೆ ನಾನು ಈಗ ಯಾವುದನ್ನೂ ಮುಟ್ಟುವುದಿಲ್ಲ.

ಆ ದಿನವೂ ಹೇಳಬಹುದಿತ್ತು. ಅಣ್ಣ ಒಬ್ಬರೇ ಇದ್ದರು. ಟ್ಯೂಬಿನ ದುಡ್ಡನ್ನು ಹುಡುಗನ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಮುರಿದುಕೊಳ್ಳುವುದೆಂದು ಆಗಲೇ ತೀರ್ಮಾನವಾಗಿತ್ತು. ಬಲ್ಬಿನ ವೈರು ಸುತ್ತಿ ಕೊಟ್ಟು ಮನೆಗೆ ಬಂದೆ. ಮುಂದಿನ ರಜೆಗೆ ಬಂದಾಗ ಅವನು ಅಲ್ಲಿರಲಿಲ್ಲ. ಎಲ್ಲೋ ಮೋಟಾರ್ ರಿವೈಂಡಿಂಗಿಗೆ ಸೇರಿದ ಎಂದರು. ಅಂಗಡಿಯೂ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಲ್ಯಾಬಿನಲ್ಲಿ ಕತೆ ಹೇಳುವಾಗ ನಾನು 'ಯಾರೋ ಮುಟ್ಟು ಎಂದರಂತೆ' ಎನ್ನುತ್ತೇನೆ. ಹುಡುಗರ ಗಮನ ಬಲ್ಬಿನ ಮೇಲಿರುತ್ತದೆ, ಯಾರೂ ಕೇಳುವುದಿಲ್ಲ. ಈ ವರ್ಷ ಹಿಂದಿನ ಬೆಂಚಿನ ಒಬ್ಬಳು ಕೈ ಎತ್ತಿದಳು.

'ಸಾರ್, ಮುಟ್ಟು ಅಂತ ಹೇಳಿದ್ದು ಯಾರು?'

ಟೈಮಾಯಿತು, ರೆಕಾರ್ಡ್ ಬುಕ್ ತೆಗೆಯಿರಿ ಎಂದೆ.